ನಾನೇ ನುಂಗಿಸಿದ ಮಾತ್ರೆ

ಕೊರೊನಾ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ಅದು. ಹುಣಸೂರು ತಾಲ್ಲೂಕಿನಲ್ಲಿ, ವೀರನಹೊಸಹಳ್ಳಿ ಕಡೆಯ ಒಂದು ಹಳ್ಳಿಗೆ ನಾನು ಆಶಾ ಕಾರ್ಯಕರ್ತೆ. ಶಾಲೆಯಲ್ಲಿ ಹೆಣ್ಣುಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಒಂಬತ್ತನೇ ತರಗತಿಯ ಸಹನಾಳಿಗೆ ರಕ್ತ ಬಹಳ ಕಡಿಮೆ ಇದೆಯೆಂದು ಗೊತ್ತಾಯಿತು. ಆರೋಗ್ಯ ಕೇಂದ್ರದ ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ತಪ್ಪದೆ ನುಂಗಿಸುವ ಹೊಣೆಯನ್ನು ನನಗೆ ವಹಿಸಿದರು.

ಸಹನಾ ನಮ್ಮೂರಿನ ಜಯಮ್ಮ, ಮಹದೇವ ದಂಪತಿಯ ಒಬ್ಬಳೇ ಮಗಳು. ಹೊಟ್ಟೆ ತೊಳಸುತ್ತದೆ ಎಂದು ಮೊದಮೊದಲು ಮಾತ್ರೆಯನ್ನು ಹಿತ್ತಲಿಗೆ ಎಸೆಯುತ್ತಿದ್ದಳು. ಅದು ತಿಳಿದ ಮೇಲೆ ನಾನು ದಿನಾ ಸಂಜೆ ಅವರ ಜಗಲಿಯಲ್ಲಿ ಕುಳಿತು, ಅವಳು ನುಂಗುವವರೆಗೂ ಮೇಲೇಳುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ರಕ್ತ ಏರಿತು. ಊರಿನಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ಓಡಾಡಿದೆ.

ಮಾರನೆಯ ವರ್ಷ ಸಹನಾ ನಡೆಯುವಾಗ ಎಡವತೊಡಗಿದಳು. ಬಲಗಾಲು ಒಳಕ್ಕೆ ತಿರುಚಿಕೊಳ್ಳುತ್ತಿತ್ತು. ಅಂದವಾಗಿ ಬರೆಯುತ್ತಿದ್ದ ಹುಡುಗಿಯ ಅಕ್ಷರ ಕೋಳಿ ಕೆದರಿದಂತಾಯಿತು. ಮಾತು ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸ್ಕೂಲಿಗೆ ಹೋಗಲಾರದೆ ನಾಟಕ ಆಡುತ್ತಾಳೆ ಎಂದವರೂ ಇದ್ದರು. ಜಯಮ್ಮ ತಾಯತ ಕಟ್ಟಿಸಿದಳು. ನಾನು ಬಲವಂತ ಮಾಡಿ ಹುಣಸೂರಿನ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಯವರು ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನಲ್ಲಿ ತಲೆಯ ಸ್ಕ್ಯಾನ್ ಆದ ದಿನ ನನಗೆ ಮನೆಮನೆ ಪೋಲಿಯೊ ಹನಿ ಹಾಕುವ ಕೆಲಸವಿತ್ತು, ಜೊತೆಗೆ ಹೋಗಲಾಗಲಿಲ್ಲ.

ಮರುದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದ ಜಯಮ್ಮ ನನ್ನನ್ನು ನೋಡಿದವಳೇ ಕ್ಯಾನನ್ನು ನೆಲಕ್ಕೆ ಕುಕ್ಕಿದಳು.

"ನನ್ ಮಗೀಗೆ ಮಿದುಳ್ನಾಗೆ ಕಬ್ಣ ಕುಂತದಂತೆ ಕಣ್ ಮಂಜಕ್ಕ. ಕಬ್ಣ! ಎಲ್ಲಿಂದ ಬಂತು ಯೋಳು? ನುಂಗೋಗಂಟ ಎದ್ದೋಗ್ತಿರ್ನಿಲ್ಲ ನೀನು. ಬ್ಯಾಡ ಬ್ಯಾಡ ಅಂತ ಅಳ್ತಿತ್ತಲ್ಲ ಅದು!"

ಯಾವತ್ತೂ ನನ್ನನ್ನು 'ನೀವು' ಎನ್ನುತ್ತಿದ್ದವಳು. ಸಾಲಿನಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು. ಅವಳು ಹೇಳಿದ್ದು ಸುಳ್ಳು ಎಂದು ನನಗೇ ಖಾತ್ರಿ ಇರಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದು ನಿಜ, ತಲೆಯಲ್ಲಿ ಕಬ್ಬಿಣ ಸೇರಿದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದೂ ನಿಜ.

ಆ ವಾರದಿಂದ ಊರಿನಲ್ಲಿ ಯಾರೂ ಮಾತ್ರೆ ಮುಟ್ಟಲಿಲ್ಲ. ಏಳು ತಿಂಗಳ ಬಸುರಿ ರೂಪಾ, ಮೊದಲೇ ರಕ್ತ ಕಡಿಮೆ ಇದ್ದವಳು, ನಾನು ಕೊಟ್ಟ ಮಾತ್ರೆಗಳನ್ನು ಹಾಗೇ ನನ್ನ ಕೈಗೆ ವಾಪಸ್ ಇಟ್ಟಳು. "ಬೇಜಾರ್ ಮಾಡ್ಕಬ್ಯಾಡಿ ಅಕ್ಕ, ನಮ್ಮತ್ತೆ ಬ್ಯಾಡ ಅಂದ್ರು." ಮೇಲಿನವರಿಗೆ ಹೇಳಿದರೆ, "ಏನೂ ಆಗಲ್ಲ ಅಂತ ಹೇಳಮ್ಮ" ಎಂದರು. ನಾನೇ ನಂಬದೆ ಹೇಗೆ ಹೇಳಲಿ? ನನ್ನ ಮಗಳಿಗೂ ಅದೇ ಮಾತ್ರೆ ಕೊಟ್ಟಿದ್ದೆ. ಅವಳು ಅಂಗಳದಲ್ಲಿ ನಡೆದರೆ ಕಾಲನ್ನೇ ನೋಡುತ್ತಿದ್ದೆ.

ಹದಿನೈದು ದಿನ ಕಳೆದು ಅವರು ಮತ್ತೆ ಮೈಸೂರಿಗೆ ಹೋಗಬೇಕಿತ್ತು. ನಾನೂ ಬರಲೇ ಎಂದು ಕೇಳಲು ಅವರ ಮನೆಗೆ ಹೋದೆ. ಜಯಮ್ಮ ಮುಖ ತಿರುಗಿಸಿ ಒಳಗೆ ಹೋದಳು. ಮಹದೇವ ಅವಳು ಹೋದ ಕಡೆ ತಿರುಗಿ, "ಬರ್ಲಿ ಬುಡು. ಡಾಕ್ಟ್ರು ಯೋಳೋದು ನಮ್ಗೂ ಅರ್ಥಾಗ್ನಿಲ್ಲ" ಎಂದ.

ಬಸ್ಸಿನಲ್ಲಿ ಜಯಮ್ಮ ನನ್ನಿಂದ ದೂರದ ಸೀಟಿಗೆ ಹೋಗಿ ಕುಳಿತಳು. ಸಹನಾ ಮಾತ್ರ ನನ್ನ ಪಕ್ಕ ಕುಳಿತು, ಬಸ್ಸು ಕುಲುಕಿದಾಗಲೆಲ್ಲ ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಮಿದುಳಿನ ಎರಡೂ ಬದಿಯಲ್ಲಿ ಒಂದೊಂದು ಕಪ್ಪು ಮಚ್ಚೆ, ಅದರ ನಡುವೆ ಬಿಳಿ ಚುಕ್ಕೆ. "ಕಪ್ಪಗಿರೋದು ಕಬ್ಬಿಣ ಸೇರಿರೋ ಜಾಗ. ನಾವು ಇದನ್ನ ಹುಲಿಯ ಕಣ್ಣು ಅಂತೀವಿ" ಎಂದರು.

"ನಾವು ಕಾಡಂಚಿನವ್ರು ಮೇಡಮ್, ಹುಲಿ ಕಣ್ ನೋಡಿದೀವಿ" ಎಂದ ಮಹದೇವ, ಮತ್ತೆ ಆ ಚಿತ್ರದ ಕಡೆ ತಿರುಗಲಿಲ್ಲ.

ನಾನು ಧೈರ್ಯ ತಂದುಕೊಂಡು ಕೇಳಿದೆ. "ಮೇಡಮ್, ಈ ಮಗೂಗೆ ನಾನು ಕಬ್ಬಿಣದ ಮಾತ್ರೆ ನುಂಗಿಸಿದ್ದೆ. ಅದರಿಂದ ಆಯ್ತಾ?"

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಮ್ಮ. ಕಬ್ಬಿಣ ಎಲ್ಲರ ಮಿದುಳಲ್ಲೂ ಸ್ವಲ್ಪ ಇರುತ್ತೆ, ಇರಲೇಬೇಕು. ಈ ಹುಡುಗಿಗೆ ಹುಟ್ಟಿನಿಂದ ಒಂದು ಜೀನ್ ಸರಿಯಿಲ್ಲ. ಅದಕ್ಕೇ ಕೈಕಾಲಿನ ಚಲನೆ ನೋಡಿಕೊಳ್ಳೋ ಜಾಗ ಹಾಳಾಗ್ತಾ, ಅಲ್ಲಿ ಕಬ್ಬಿಣ ಸೇರ್ತಾ ಬಂದಿದೆ. ನೀವು ಕೊಟ್ಟಿದ್ದು ರಕ್ತಕ್ಕೆ ಬೇಕಾಗಿತ್ತು, ರಕ್ತಕ್ಕೇ ಹೋಗಿದೆ. ಒಂದು ಮಾತ್ರೆ ನುಂಗದೇ ಇದ್ದಿದ್ರೂ ಈ ಕಾಯಿಲೆ ಬರ್ತಿತ್ತು."

ನನಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಸಂತೋಷ ಆಯಿತು ಎಂದೇ ಹೇಳಬೇಕು. ನಗು ಬಂತೇನೋ, ಗೊತ್ತಿಲ್ಲ.

ಅಷ್ಟರಲ್ಲಿ ಡಾಕ್ಟರು ಜಯಮ್ಮನ ಕಡೆ ತಿರುಗಿ, "ನಿಮ್ಮದು ಸಂಬಂಧದಲ್ಲಿ ಮದುವೆನಾ?" ಎಂದು ಕೇಳಿದರು.

"ಇವ್ರು ನಮ್ಮವ್ವನ ತಮ್ಮ" ಎಂದಳು ಜಯಮ್ಮ.

ಅಪ್ಪ ಅಮ್ಮ ಇಬ್ಬರಲ್ಲೂ ಆ ಜೀನಿನ ದೋಷ ಒಂದೊಂದು ಪಾಲು ಇದ್ದರೆ, ಅವರಿಗೆ ಏನೂ ಆಗದಿದ್ದರೂ, ಎರಡೂ ಪಾಲು ಸೇರಿದ ಮಗುವಿಗೆ ಕಾಯಿಲೆ ಬರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಹಾಗಾಗುವುದು ಹೆಚ್ಚು ಎಂದು ಅವರು ತಿಳಿಸಿದರು. "ಇದು ಯಾರಿಗೂ ಮೊದಲೇ ಗೊತ್ತಾಗಲ್ಲ, ನಿಮ್ಮ ತಪ್ಪಲ್ಲ" ಎಂದೂ ಹೇಳಿದರು. ಪೂರ್ತಿ ವಾಸಿ ಮಾಡುವ ಔಷಧಿ ಇವತ್ತಿಗೆ ಇಲ್ಲವಂತೆ. ಬಿಗಿತ ಕಡಿಮೆ ಮಾಡಲು ಮಾತ್ರೆ ಬರೆದು, ದಿನಾ ಮಾಡಿಸಬೇಕಾದ ವ್ಯಾಯಾಮ ತೋರಿಸಿಕೊಟ್ಟರು.

ಹೊರಗೆ ಬಂದ ಜಯಮ್ಮ ಗೋಡೆಗೊರಗಿ ನೆಲದ ಮೇಲೆ ಕುಸಿದಳು. "ಅಂಗಾರೆ ನಾನೇ ಕೊಟ್ನಾ ಮಂಜಕ್ಕ?"

ಡೈರಿಯ ಮುಂದೆ ನಾನು ನಿಂತಿದ್ದ ಜಾಗದಲ್ಲಿ ಈಗ ಅವಳಿದ್ದಳು. ಅವಳ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. ಪಕ್ಕದಲ್ಲಿ ಕುಳಿತು, "ನಿಂಗೇನ್ ಗೊತ್ತಿತ್ತು ಜಯಮ್ಮ, ದೊಡ್ಡೋರು ಮಾಡಿದ ಮದುವೆ" ಎಂದೆ.

ಗೋಡೆ ಹಿಡಿದು ನಿಂತಿದ್ದ ಸಹನಾ ಒಂದೊಂದೇ ಮಾತನ್ನು ತಡೆತಡೆದು ಹೇಳಿದಳು. "ಯಾರ್ ಕೊಟ್ರು ಅಂತ... ಆಮೇಲ್ ಕೇಳವ್ವ. ನಂಗೆ ಹಸಿವಾಯ್ತದೆ."

ಜಯಮ್ಮ ಕಣ್ಣೊರೆಸಿಕೊಂಡು ಎದ್ದಳು. ನಾಲ್ವರೂ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಸಹನಾ ತಿಂದು ಮುಗಿಸಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮರುದಿನ ಜಯಮ್ಮ ಅದೇ ಡೈರಿಯ ಸಾಲಿನಲ್ಲಿ ನಿಂತು, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಹೇಳಿದಳಂತೆ: "ಮಂಜಕ್ಕನ ಮಾತ್ರೆಯಿಂದ ಆಗಿದ್ದಲ್ಲ ಕಣ್ರವ್ವ. ನಾನು ತಿಳೀದೆ ಅಂದ್ಬುಟ್ಟೆ." ತನ್ನ ಮದುವೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಆ ಮಾತು ಆಡಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು! ರೂಪಾ ತಾನಾಗಿಯೇ ಬಂದು ಮಾತ್ರೆ ತೆಗೆದುಕೊಂಡು ಹೋದಳು. ಅವಳ ಹೆರಿಗೆ ಸುಸೂತ್ರವಾಯಿತು.

ಸಹನಾ ತಾನು ಉತ್ತರ ಹೇಳಿ, ಇನ್ನೊಬ್ಬರಿಂದ ಬರೆಸಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಈಗ ಊರುಗೋಲು ಬೇಕು, ಮಾತು ಇನ್ನಷ್ಟು ಕಷ್ಟವಾಗಿದೆ. ವಾರಕ್ಕೆ ಎರಡು ಸಲ ನಾನು ಹೋಗಿ ಅವಳ ಕಾಲುಗಳಿಗೆ ವ್ಯಾಯಾಮ ಮಾಡಿಸುತ್ತೇನೆ.

ಡಾಕ್ಟರ ಮುಂದೆ ನನಗಾದ ಆ ಸಂತೋಷ ಮಾತ್ರ ಮುಳ್ಳಿನಂತೆ ಒಳಗೇ ಉಳಿದಿತ್ತು. ಕಾಯಿಲೆಯ ಮಗು ಪಕ್ಕದಲ್ಲೇ ಕುಳಿತಿರುವಾಗ ನಾನು ನನ್ನ ಪಾಡು ನೋಡಿಕೊಂಡು ಹಿಗ್ಗಿದ್ದೆ. ಈಚೆಗೆ ಒಂದು ಮಧ್ಯಾಹ್ನ, ಕಾಲು ಎಳೆಯುತ್ತ, ತಡೆಯಲಾರದೆ ಅವಳ ಹತ್ತಿರ ಹೇಳಿಕೊಂಡೆ.

ಸಹನಾ ನನ್ನನ್ನೇ ನೋಡಿದಳು. "ಅವತ್ತೇ ನೋಡ್ದೆ... ಕಣಕ್ಕ... ನಿಮ್ ಮುಖಾವ" ಎಂದು ನಕ್ಕಳು. ಆಮೇಲೆ ಇನ್ನೊಂದು ಕಾಲನ್ನು ನನ್ನ ಮಡಿಲ ಕಡೆ ಚಾಚಲು ಹೆಣಗತೊಡಗಿದಳು.