ಹುಳ ಹಣ್ಣಾದ ದಿನ ಬಂದ ಮೊಮ್ಮಗಳು

ನನಗೆ ಮೊಮ್ಮಗಳು ಬಂದಳು! ತೊಟ್ಟಿಲಲ್ಲಿ ಬರಲಿಲ್ಲ. ಬಸ್ಸಿನಿಂದ ಇಳಿದು, ನನ್ನ ಬೆರಳು ಹಿಡಿದುಕೊಂಡು, ತನ್ನ ಕಾಲ ಮೇಲೆ ತಾನೇ ನಡೆದು ಬಂದಳು. ಮೂರು ವರ್ಷದ ಹುಡುಗಿ. ಇದನ್ನು ಮೊದಲು ಹೇಳಿಬಿಡದಿದ್ದರೆ ಉಳಿದ ಮಾತು ನನ್ನಿಂದ ಹೊರಡುವುದಿಲ್ಲ.

ರೇಷ್ಮೆಗೆ ಬೆಲೆ ಬಂದ ಕಾಲ ಅದು. ತಿಪ್ಪಸಂದ್ರದ ಕಡೆಯ ನಮ್ಮೂರಲ್ಲಿ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಜನ ಹುಳಕ್ಕೆ ಮನೆ ಬಿಟ್ಟುಕೊಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಸಂಜೆ ಯೇಸುಸ್ವಾಮಿಯ ಪಟದ ಮುಂದೆ ದೀಪ ಹಚ್ಚಿ, ಎಲ್ಲಾ ನಿನ್ನ ಚಿತ್ತ ಸ್ವಾಮಿ, ಅನ್ನುತ್ತಿದ್ದೆ. ಅಂದ ಮೇಲೆ ನನ್ನ ಚಿತ್ತ ಏನೆಂದೂ ಅವನಿಗೆ ಬಿಡಿಸಿ ಹೇಳುತ್ತಿದ್ದೆ. ಸೊಸೆಯ ಹೊಟ್ಟೆಯಲ್ಲಿ ಒಂದು ಗಂಡು ಕೂಸು, ಅಷ್ಟೇ.

ವರ್ಷಗಳು ಹೋದವು, ಕೂಸು ಬರಲಿಲ್ಲ. ರಾಮನಗರದಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಮಕ್ಕಳ ಮನೆಗೆ ಮಗ ಸೊಸೆ ಹೋಗಿ, ಹೆತ್ತವರಿಲ್ಲದ ಒಂದು ಹೆಣ್ಣುಮಗುವನ್ನು ನೋಡಿ ಬಂದರು. ಮನೆಯ ಹಿರಿಯರು ಬಂದು ಬಾಯಿಬಿಟ್ಟು ಒಪ್ಪಿದರೆ ಮಾತ್ರ ಮಗು ಕೊಡುವುದು ಎಂದಿದ್ದರಂತೆ ಸಿಸ್ಟರು. ನಾನು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಈ ಬೆಳೆ ಮುಗಿಯಲಿ, ಆ ಬೆಳೆ ಮುಗಿಯಲಿ ಎಂದು ತಳ್ಳುತ್ತಾ ಬಂದೆ. ಕೊನೆಗೆ ಮಗನೇ ಒಂದು ಬುಧವಾರ ಗೊತ್ತುಮಾಡಿ ಬಂದ.

ಆ ಬುಧವಾರ ಬೆಳಿಗ್ಗೆ ನೋಡುತ್ತೇನೆ, ಸೆಕೆಗೆ ಹುಳ ಒಂದು ದಿನ ಮುಂಚೆಯೇ ಹಣ್ಣಾಗಿವೆ! ಹಣ್ಣಾದ ಹುಳ ಸೊಪ್ಪು ಮುಟ್ಟುವುದಿಲ್ಲ, ಬಂಗಾರದ ಬಣ್ಣಕ್ಕೆ ತಿರುಗಿ ತಲೆ ಎತ್ತಿ ಆಡಿಸುತ್ತದೆ. ಆಗಲೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳ ಸಾಕುವ ತಟ್ಟೆಯ ಕಸದಲ್ಲೇ ಗೂಡು ಸುತ್ತಿಕೊಂಡು ಬೆಳೆ ಕೆಡುತ್ತದೆ.

"ಇವತ್ತು ಆಗಾಕಿಲ್ಲ, ನಾಳೆ ಹೋಗಾನ" ಎಂದೆ.

ಸೊಸೆ ಎದುರು ಮಾತಾಡಿದವಳಲ್ಲ. ಅವತ್ತು ಆಡಿದಳು. "ಅತ್ತೆ, ಇವತ್ತು ನಿಮ್ಮಜ್ಜಿ ಬತ್ತಾರೆ ಅಂತ ಆ ಮಗೀಗೆ ಯೋಳ್ಬುಟ್ಟವ್ರೆ. ಗೇಟ್ ತಾವ ಕಾಯ್ತಾ ಕೂತಿರ್ತದೆ."

ಕುರಿ ಸಾಕುವ ಪಕ್ಕದ ಮನೆಯವರ ಹೆಂಗಸು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಏನಕ್ಕ, ನಮ್ಮ ಸ್ವಾಮಿ ನೋಡ್ಕತಾನೆ ಅಂತ ದಿನಾ ಯೋಳ್ತೀಯ. ಇವತ್ತೊಂದಿನ ನೋಡ್ಕಳಕ್ಕೆ ಬುಡು ಅತ್ಲಾಗೆ! ಹುಳ ಆರ್ಸಕ್ಕೆ ನಿಂಗೊಬ್ಬಳಿಗೇ ಕೈ ಐತಾ?"

ನನ್ನ ಯಜಮಾನರು ನಕ್ಕರು. "ಒಸಿ ಜೋರಾಗೇಳವ್ವ, ಅವಳ ಕಿವಿಗೆ ಬೀಳ್ಲಿ."

ಅಂಗೈಯಲ್ಲಿ ಒಂದು ಹುಳ ಹಿಡಿದುಕೊಂಡೇ ನಿಂತಿದ್ದೆ. ಸ್ವಾಮಿ, ಇಲ್ಲೀತನಕ ನಿನಗೆ ನಾನು ಕೆಲಸ ಹೇಳಿದ್ದಾಯಿತು. ಇನ್ನು ನೀನು ಹೇಳು, ನಾನು ಮಾಡುತ್ತೇನೆ. ಬೆಳೆ ಉಳಿದರೂ ನಿನ್ನದು, ಹೋದರೂ ನಿನ್ನದು. ಹುಳವನ್ನು ಕುರಿಯವರ ಹೆಂಗಸಿನ ಕೈಗೆ ಕೊಟ್ಟು, ಸೀರೆ ಬದಲಾಯಿಸಿ, ಮಗ ಸೊಸೆಗಿಂತ ಮುಂದೆ ನಡೆದೆ.

ಮಾಗಡಿಯಲ್ಲಿ ಬಸ್ಸು ಬದಲಾಯಿಸುವಾಗ, ನಮ್ಮೂರಿಗೆ ಹೊರಟ ಬಸ್ಸು ಪಕ್ಕದಲ್ಲೇ ನಿಂತಿತ್ತು. ಕಾಲು ಆ ಕಡೆ ಎಳೆಯಿತು. ಇನ್ನೊಂದು ಸಲ ಎಲ್ಲವನ್ನೂ ಸ್ವಾಮಿಗೆ ಒಪ್ಪಿಸಿದೆ. ಒಪ್ಪಿಸಿದ್ದನ್ನು ಮನಸ್ಸು ಮೆಲ್ಲಗೆ ವಾಪಸ್ಸು ತಗೊಳ್ಳುತ್ತದೆ, ಮತ್ತೆ ಕೊಡಬೇಕು. ರಾಮನಗರ ಸೇರುವ ತನಕ ಕೊಡುತ್ತಲೇ ಇದ್ದೆ.

ಗೇಟಿನ ಹತ್ತಿರ ಬಟ್ಟೆಯ ಚೀಲ ತಬ್ಬಿಕೊಂಡು ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ಯಾಕೆ ಲೇಟು?" ಎಂದಳು.

"ಮನಸಾರೆ ಒಪ್ಪಿದೀರಾ ಅಮ್ಮ?" ಎಂದು ಸಿಸ್ಟರು ಕೇಳಿದರು.

"ಒಪ್ಪಿವ್ನಿ ಕಣಮ್ಮ. ನಾ ಕೇಳಿದ್ದು ಬ್ಯಾರೆ, ಆ ಸ್ವಾಮಿ ಕೊಟ್ಟಿದ್ದು ಇವಳ್ನ. ಈಗ ನಂಗೂ ಇವಳೇ ಬೇಕು." ಸಹಿ ಹಾಕಲು ಕೂತೆ. ಮೂರನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಬಂತು.

ಸಂಜೆ ಊರಿಗೆ ಬಂದರೆ, ಅಂಗಳದ ಗೋಡೆಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು. ಕುರಿಯವರ ಮನೆಯವರೆಲ್ಲ ಹುಳ ಆರಿಸಿದ್ದರಂತೆ. "ಎರಡು ತಟ್ಟೆ ಹುಳ ಮಾತ್ರ ಕೈಗೆ ಸಿಗ್ನಿಲ್ಲ ಕಣೇ, ಕಸದಾಗೇ ಸುತ್ಕಂಡ್ವು" ಎಂದರು ಯಜಮಾನರು, ನಾನು ಬೈಯುತ್ತೇನೆಂದು ಕಾಯುತ್ತಾ.

"ಸುತ್ಕಳ್ಳಿ ಬುಡಿ. ಇವಳ್ನ ನೋಡಿ ಮೊದಲು."

ಜಗಲಿಯ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಕುರಿಯವರ ಹೆಂಗಸನ್ನೂ ಹಿಡಿದು ಕೂರಿಸಿದೆವು. ಪ್ರಾರ್ಥನೆ ಹೇಳಿದೆ, ಅವತ್ತು ಬೇಡುವುದೇನೂ ನೆನಪಾಗಲಿಲ್ಲ. ರಾಗಿಮುದ್ದೆ, ಹುರುಳಿಸಾರು. ಅನ್ನ ತಿಂದು ಬೆಳೆದ ಹುಡುಗಿ ಮುದ್ದೆಯನ್ನು ಅಗಿಯತೊಡಗಿದಳು, ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬ್ಯಾಡ ಕಣವ್ವ, ನುಂಗು" ಎಂದು ತಾತ ಒಂದು ತುತ್ತು ನುಂಗಿ ತೋರಿಸಿದರು. ಮಗ ನುಂಗಿ ತೋರಿಸಿದ. ಸೊಸೆ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ತೋರಿಸಿದಳು. ನಮ್ಮೆಲ್ಲರ ಗಂಟಲನ್ನೂ ನೋಡಿ ಮುಗಿಸಿ, ಸಾರಿನಲ್ಲಿ ಅದ್ದಿದ ಪುಟ್ಟ ತುತ್ತನ್ನು ಹುಡುಗಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಗುಳುಕ್ಕನೆ ನುಂಗಿದಳು.