ಗೋಡೆಯಾಚೆಯ ಸೊಳ್ಳೆಪರದೆ

ಹಿತ್ತಲಿನ ಸೀಬೆಮರದಿಂದ ಬಚ್ಚಲಮನೆಯ ಗೂಟಕ್ಕೆ ಹಗ್ಗ ಕಟ್ಟಿ ಹೊಸ ಸೊಳ್ಳೆಪರದೆಯನ್ನು ಹರವುತ್ತಿದ್ದೆ. ಹೆರಿಗೆಗೆ ಬಂದಿರುವ ನನ್ನ ಮಗಳಿಗೆಂದು ಆಶಾ ಕಾರ್ಯಕರ್ತೆ ತಂದುಕೊಟ್ಟ ಪರದೆ. ಕಟ್ಟುವ ಮೊದಲು ಒಂದು ದಿನ ನೆರಳಲ್ಲಿ ಗಾಳಿಗೆ ಬಿಡಿ, ಬಿಸಿಲು ಮಾತ್ರ ಬೀಳಬಾರದು ಎಂದು ಹೇಳಿಹೋಗಿದ್ದಳು. ಪ್ಲಾಸ್ಟಿಕ್ ಕವರ್ ಬಿಚ್ಚಿದ ಕೂಡಲೇ ಒಂದು ವಾಸನೆ ಬಂತು. ಸೀಮೆಎಣ್ಣೆಯದಲ್ಲ, ಬಟ್ಟೆ ಪೆಟ್ಟಿಗೆಯಲ್ಲಿ ಹಾಕುವ ನುಸಿಗುಳಿಗೆಯದೂ ಅಲ್ಲ. ಆದರೆ ನನಗೆ ಗೊತ್ತಿದ್ದ ವಾಸನೆ. ಹುತ್ತೂರಿನ ನಮ್ಮ ಹಳೆಯ ಮನೆಯಲ್ಲಿ ಒಂದು ಬೆಳಗ್ಗೆ ಅದು ಗೋಡೆಯ ಮೇಲಿಂದ ಇಳಿದುಬಂದಿತ್ತು...

ಪರದೆಯ ಎರಡು ಮೂಲೆ ಹಗ್ಗಕ್ಕೆ ಸಿಕ್ಕಿಸಿದ್ದೆ, ಇನ್ನೆರಡು ಕೈಯಲ್ಲಿದ್ದವು. ಆಗ ಫೋನು ಬಂತು. ಶ್ರೀನಿವಾಸಪುರದಿಂದ, ಆ ಹಳೆಯ ಮನೆಯಲ್ಲಿ ಗೋಡೆಯಾಚೆಗಿದ್ದ ಅಕ್ಕನ ಮಗಳು. "ಆಂಟಿ, ಅಮ್ಮ ಹೋಗ್ಬಿಟ್ರು," ಎಂದಳು. ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಅಷ್ಟಾದರೂ ದೇವರು ದಯೆ ತೋರಿಸಿದ ಎಂದುಕೊಂಡೆ. ಫೋನಿಡುವ ಮೊದಲು ಆ ಹುಡುಗಿ ಇನ್ನೊಂದು ಮಾತು ಹೇಳಿದಳು. ಅದನ್ನು ಈಗಲೇ ಬರೆದರೆ ಓದುವವರಿಗೆ ಒಳ್ಳೆಯ ಮಾತಿನಂತೆಯೇ ಕಾಣುತ್ತದೆ. ಅದಕ್ಕೇ ಕೊನೆಗಿಟ್ಟಿದ್ದೇನೆ.

ಆ ಅಕ್ಕ ಆಂಧ್ರದ ಗಡಿಯ ರಾಯಲ್ಪಾಡಿನವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು, ಎಲ್ಲರೂ ಅವರನ್ನು ರಾಯಲ್ಪಾಡಿನಕ್ಕ ಎನ್ನುತ್ತಿದ್ದರು. ಗಂಡ ಟೊಮೆಟೊ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿದ್ದ ದಿನಕ್ಕಿಂತ ದಾರಿಯಲ್ಲಿದ್ದ ದಿನಗಳೇ ಹೆಚ್ಚು. ನಮ್ಮ ಮಾವ ಮನೆಯ ಅರ್ಧವನ್ನು ಅವರಿಗೆ ಬಾಡಿಗೆಗೆ ಕೊಟ್ಟಿದ್ದರು. ಹಳೇ ಕಾಲದ ಹೆಂಚಿನ ಮನೆ, ನಡುವಿನ ಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ನಿಂತಿತ್ತು. ಅಲ್ಲಿಂದಾಚೆಗೆ ಎರಡು ಮನೆಗೂ ಒಂದೇ ಗಾಳಿ. ಅವರ ಹೊಲಿಗೆ ಮಿಷನ್ನಿನ ಸದ್ದು ಇಲ್ಲಿಗೆ, ನಮ್ಮ ಒಗ್ಗರಣೆಯ ಘಾಟು ಅಲ್ಲಿಗೆ. ನಾನು ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕೂತಾಗ ನನ್ನ ಕೈಕೂಸನ್ನು ಅವರೇ ಎತ್ತಿಕೊಂಡು ಹೋಗುತ್ತಿದ್ದರು. "ಏಮ್ಮಾ, ಈ ಪಾಪ ನನ್ಹತ್ರ ಬಂದ್ರೆ ಒಂದು ತರ, ನಿನ್ಹತ್ರ ಬಂದ್ರೆ ಇನ್ನೊಂದು ತರ. ನೀನೇನು ಚಿವುಟ್ತೀಯಾ?" ಎಂದು ಗೋಡೆಯಾಚೆಯಿಂದ ಕೂಗಿ ನಗುತ್ತಿದ್ದರು.

ನಮ್ಮದು ರೇಷ್ಮೆಹುಳು ಸಾಕುವ ಮನೆ. ಆಗ ಹುಳುವಿಗೆ ಬೇರೆ ಮನೆ ಇರಲಿಲ್ಲ. ನಡುಮನೆಯಲ್ಲೇ ತಟ್ಟೆಗಳು, ಅವುಗಳ ಬುಡದಲ್ಲೇ ನಮ್ಮ ಹಾಸಿಗೆ. ಮುಳಬಾಗಿಲಿನಿಂದ ಮದುವೆಯಾಗಿ ಬಂದ ನನಗೆ ಮೊದಲು ಕಷ್ಟವಾದದ್ದು ಪೂಜೆಯ ವಿಷಯ. ಹುಳು ಮನೆಯಲ್ಲಿರುವಷ್ಟು ದಿನ ಊದುಕಡ್ಡಿ ಹಚ್ಚುವಂತಿಲ್ಲ, ಕರ್ಪೂರ ಬೆಳಗುವಂತಿಲ್ಲ, ಹೊಗೆ ತಾಗಿದರೆ ಹುಳು ಮೇವು ಬಿಡುತ್ತದೆ. ದೇವರಿಗೆ ಹೂವು, ಒಂದು ತುಪ್ಪದ ದೀಪ, ಅಷ್ಟೆ. ಸೊಳ್ಳೆಬತ್ತಿಯಂತೂ ಬಾಗಿಲೊಳಗೆ ಬರುವಂತಿರಲಿಲ್ಲ. ಯಾರಾದರೂ ಪೌಡರು ಹಚ್ಚಿಕೊಂಡು ಬಂದರೆ ಅತ್ತೆ ಹೊಸಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಆಗಿ ಊರ ಹಿಂದಿನ ಕಲ್ಲು ತೆಗೆದ ಹಳ್ಳಗಳಲ್ಲೆಲ್ಲ ನೀರು ನಿಂತಿತ್ತು. ಆ ಬೀದಿ, ಈ ಬೀದಿ ಎಂದು ಚಳಿಜ್ವರ ಶುರುವಾಯಿತು. ಅದೇ ಸಮಯಕ್ಕೆ ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಆರೋಗ್ಯ ಉಪಕೇಂದ್ರದ ಸಿಸ್ಟರು ಬಸುರಿಯರ ಮನೆಮನೆಗೂ ಹೋಗಿ, ನಿಮ್ಮ ಮನೆಯ ಸೊಳ್ಳೆಪರದೆ ತನ್ನಿ, ಔಷಧಿಯಲ್ಲಿ ಅದ್ದಿಕೊಡ್ತೀವಿ ಎಂದು ಹೇಳಿದರು. ಅಕ್ಕ ಕೋಲಾರದಿಂದ ಒಂದು ನೈಲಾನ್ ಪರದೆ ತರಿಸಿ ಅದ್ದಿಸಿಕೊಂಡು ಬಂದರು. ಹಿಂಡದೆ, ಚಾಪೆಯ ಮೇಲೆ ಹಾಸಿ, ನೆರಳಲ್ಲೇ ಒಣಗಿಸಿ ಮಗಳ ಮಂಚಕ್ಕೆ ಕಟ್ಟಿದರು. ಕಟ್ಟಿ ಮುಗಿಸಿ ಗೋಡೆಯಾಚೆಯಿಂದ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬಾ ತಲ್ಲಿ ನೋಡ್ಬಾ, ಸೊಳ್ಳೆ ಬಂದು ಕೂತ್ರೆ ಹಂಗೇ ಉದ್ರೋಗ್ತದೆ. ನಮ್ಮೂರಲ್ಲಿ ಪರದೆ ಅಂದ್ರೆ ಬರೀ ಬಟ್ಟೆ. ಮೊಣಕಾಲು ತಗುಲಿದ್ರೆ ಆಚೆಯಿಂದ್ಲೇ ಕಚ್ತಿದ್ವು."

ಆ ವಾಸನೆ ನಮ್ಮ ಕಡೆಗೂ ಬಂತು. ಮಾವ ತಟ್ಟೆಯ ಮುಂದೆ ಸೊಪ್ಪು ಹಿಡಿದು ನಿಂತವರು ಹಾಗೇ ನಿಂತುಬಿಟ್ಟರು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿತ್ತು. ಇನ್ನೇನು ಒಂದು ವಾರ, ಹತ್ತು ದಿನ ಮೇಯಿಸಿದರೆ ಗೂಡು. ಹಿಂದಿನ ಬೆಳೆ ಸಪ್ಪೆರೋಗ ಬಂದು ಗುಂಡಿಗೆ ಹೋಗಿತ್ತು.

"ಆ ಔಷಧಿ ಹುಳ ಸಾಯ್ಸೋ ಔಷಧಿ. ಸೊಳ್ಳೆ ಯಾವ್ದು, ರೇಷ್ಮೆ ಯಾವ್ದು ಅಂತ ಅದಕ್ಕೇನು ಗೊತ್ತು?" ಎಂದರು ಮಾವ.

"ಹೋಗಿ ಹೇಳಮ್ಮ, ಇಳ್ಸಲಿ," ಎಂದರು ಅತ್ತೆ ನನಗೆ. "ನಿನ್ ಮಾತಂದ್ರೆ ಕೇಳ್ತಾಳೆ. ನಾವೆಲ್ಲ ಪರದೆ ಕಟ್ಕೊಂಡಾ ಹೆತ್ತಿದ್ದು?"

ನನಗೆ ಹೋಗಲು ಮನಸ್ಸಿರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ಅಟ್ಟದ ಮೇಲೆ ಊಜಿ ಪರದೆಯ ಸುರುಳಿ ಕಾಣಿಸಿತು. ಊಜಿ ಎಂದರೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ದಪ್ಪ ನೊಣ. ಅದು ಬರಬಾರದೆಂದು ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಹೊಡೆದಿರುತ್ತೇವೆ. ಅದರಲ್ಲಿ ಮಿಕ್ಕ ತುಂಡು ಅದು, ಒಂದು ಮಂಚಕ್ಕೆ ಸಾಕಾಗುವಷ್ಟಿತ್ತು. ದೇವರೇ ದಾರಿ ತೋರಿಸಿದ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಹುಳುವೂ ಉಳಿಯಿತು, ಹುಡುಗಿಗೂ ಪರದೆಯಾಯಿತು ಎಂದು ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ, ಕಂಕುಳಲ್ಲಿ ಬಟ್ಟೆ, ಮಡಿಲಲ್ಲಿ ಒಂದಿಷ್ಟು ಅವರೆಕಾಯಿ ಇಟ್ಟುಕೊಂಡು ಉತ್ಸಾಹದಿಂದಲೇ ಹೋದೆ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ಗೋಡೆ ಯಾವ ಮಾತನ್ನೂ ತಡೆಯುತ್ತಿರಲಿಲ್ಲವಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲೆ ಹತ್ತಿ ದಾರ ಬಿಚ್ಚುತ್ತಿದ್ದರು.

"ಅಕ್ಕ, ಗೂಡು ಕಟ್ಟೋವರ್ಗೂ ಅಷ್ಟೆ. ಆಮೇಲೆ ನಾನೇ ಬಂದು ಹೇಳ್ತೀನಿ, ಮತ್ತೆ ಕಟ್ಕೊಳ್ಳಿ," ಎಂದೆ. "ಅಲ್ಲೀವರ್ಗೂ ಇದನ್ನ ಹೊಲ್ಕೊಳ್ಳಿ. ಇದೂ ಪರದೇನೇ ಅಲ್ವಾ, ಒಳ್ಳೇ ಗಟ್ಟಿ."

ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಅದರ ನೇಯ್ಗೆಯನ್ನು ತಡವಿದರು. ಮಗಳು ಮಂಚದ ಅಂಚಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದಳು.

"ಪರ್ವಾಲೇದು ತಲ್ಲಿ," ಎಂದರು. "ಹುಳಾನೂ ಜೀವಾನೇ. ನಿಮ್ ಮಾವ ಹೋದ್ಸಲ ಬೆಳೆ ಗುಂಡಿಗೆ ಹಾಕ್ಬಿಟ್ಟು ಊಟ ಮಾಡ್ದೆ ಮಲಗಿದ್ದನ್ನ ನಾನೂ ನೋಡಿದೀನಿ." ಔಷಧಿಯ ಪರದೆಯನ್ನು ಮಡಿಸಿ ಚೀಲದಲ್ಲಿ ಕಟ್ಟಿ ತಮ್ಮೂರಿಗೆ ಹೋಗುವವರ ಕೈಯಲ್ಲಿ ಕಳಿಸಿಯೇಬಿಟ್ಟರು, ಮನೆಯೊಳಗೆ ಇರಲೇಬಾರದೆಂದು. ಆಮೇಲೆ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡರು. ಸಂಜೆಯ ಹೊತ್ತಿಗೆ ಮಿಷನ್ನಿನ ಸದ್ದು ಕೇಳಿಸಿತು. ನಾನು ಕೊಟ್ಟ ಬಟ್ಟೆಯನ್ನು ಹೊಲಿಯುತ್ತಿದ್ದಾರೆ ಎಂದು ಸಂತೋಷಪಟ್ಟೆ...

ಹುಳು ಹಣ್ಣಾಯಿತು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಅಕ್ಕನೂ ಸ್ನಾನ ಮಾಡಿ ಬಂದು ನಮ್ಮೊಟ್ಟಿಗೆ ಹುಳು ಆರಿಸಿದರು. ಅಂಥ ಗೂಡು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ, ಬಿಳಿಯದು, ಗಟ್ಟಿ, ಕೈಯಲ್ಲಿ ಹಿಡಿದರೆ ಕಲ್ಲುಸಕ್ಕರೆಯಂತೆ. ನಾನು ಮನೆ ತೊಳೆದು ಎಷ್ಟೋ ದಿನದ ಮೇಲೆ ಊದುಕಡ್ಡಿ ಹಚ್ಚಿ ಕರ್ಪೂರ ಬೆಳಗಿದೆ. ಆ ವಾಸನೆ ಗೋಡೆಯಾಚೆಗೂ ಹೋಗಿರಬೇಕು. ಅದು ಮೂಗಿಗೆ ಬಡಿದಾಗ ಅಕ್ಕ ನನ್ನ ಮಾತಿಗೆ ಕಾದಿರಬೇಕು.

ನಾನು ಹೋಗಿ ಹೇಳಲಿಲ್ಲ. ಬೇಕೆಂದೇ ಹೇಳದೆ ಇರಲಿಲ್ಲ. ಸೊಪ್ಪು ಚೆನ್ನಾಗಿದೆ ಎಂದು ಮಾವ ಕೂಡಲೇ ಮತ್ತೆ ಮರಿಹುಳು ತಂದರು, ತಟ್ಟೆಗಳು ಮತ್ತೆ ತುಂಬಿದವು. ಈಗ ಹೇಗೆ ಕಟ್ಟಿಕೊಳ್ಳಿ ಎನ್ನಲಿ, ಇದೊಂದು ಬೆಳೆ ಆಗಲಿ ಎಂದುಕೊಂಡೆ. ಹೇಗೂ ನಮ್ಮ ಪರದೆ ಇದೆಯಲ್ಲ.

ಆ ಬೆಳೆ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಹಲ್ಲು ಕಟಕಟ ಎನ್ನುವ ಸದ್ದು ಬಂತು. ಹೋಗಿ ನೋಡಿದರೆ ಹುಡುಗಿ ಎರಡು ಕಂಬಳಿಯೊಳಗೆ ನಡುಗುತ್ತಿದ್ದಳು. ಮಂಚದ ಮೇಲೆ ನಮ್ಮ ಊಜಿ ಪರದೆ, ಅಂಚಿಗೆಲ್ಲ ಹಳೇ ಸೀರೆಯ ಪಟ್ಟಿ ಕೊಟ್ಟು ಎಷ್ಟು ನೀಟಾಗಿ ಹೊಲಿದಿದ್ದರು... ಟೊಮೆಟೊ ಲಾರಿಯಲ್ಲೇ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಲೇರಿಯಾ ಎಂದರು. ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು ಮಗು, ಉಳಿಯಲಿಲ್ಲ.

ತಾಯಿ ಉಳಿದಳು. ಅದೇ ಪುಣ್ಯ ಎಂದು ನಾನು ಅಂದು ಅಕ್ಕನ ಮುಂದೆ ಹೇಳಿದೆ. ಚಿಕ್ಕಚಿಕ್ಕ ದಯೆಗಳನ್ನು ಎಣಿಸಿ ದೇವರಿಗೆ ಕೈಮುಗಿಯುವುದು ನಮ್ಮಮ್ಮ ಕಲಿಸಿದ ಅಭ್ಯಾಸ. ಆದರೆ ಇನ್ನೊಬ್ಬರ ಮನೆಯಲ್ಲಿ ಕೂತು ಅವರ ಪಾಲಿನದನ್ನು ನಾವು ಎಣಿಸಬಾರದು. ಆ ಮಾತು ನೆನೆದಾಗಲೆಲ್ಲ ಈಗಲೂ ಮುಖ ಬಿಸಿಯಾಗುತ್ತದೆ.

ಹುಡುಗಿ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಅಕ್ಕ ಬಟ್ಟೆಬರೆ ಒಯ್ಯಲು ಒಂದು ದಿನ ಬಂದರು. ಸುದ್ದಿ ಕೇಳಿ ಸಿಸ್ಟರೂ ಬಂದರು. ನಾನು ಈಚೆ ಕಡೆ ಸೊಪ್ಪು ಹೆಚ್ಚುತ್ತಿದ್ದೆ.

"ಇದೇನಮ್ಮ ಇದು? ನೊಣದ ಬಲೆ ಅಲ್ವಾ?" ಎಂದರು ಸಿಸ್ಟರು. "ಇಷ್ಟಗಲ ಕಣ್ಣಲ್ಲಿ ಸೊಳ್ಳೆ ಹೆಂಡ್ರು ಮಕ್ಕಳನ್ನೆಲ್ಲ ಕರ್ಕೊಂಡು ಬರ್ತದೆ. ಔಷಧೀಲಾದ್ರೂ ಅದ್ದಿದ್ರಾ? ಅದೂ ಇಲ್ಲ. ಅಲ್ಲ, ಅವತ್ತು ಅದ್ದಿಕೊಟ್ಟಿದ್ದು ಎಲ್ಲೋಯ್ತು? ಯಾರು ಕೊಟ್ಟಿದ್ದು ನಿಮ್ಗೆ ಇದನ್ನ?"

ನನ್ನ ಕೈಯಲ್ಲಿದ್ದ ಕತ್ತಿ ನಿಂತಿತು. ಮಾವ ಅತ್ತ ನೋಡಿದರು, ಅತ್ತೆ ನೆಲ ನೋಡಿದರು.

"ಯಾರೂ ಕೊಡ್ಲಿಲ್ಲಮ್ಮ," ಎಂದರು ಅಕ್ಕ. "ನಾನೇ ಸಂತೇಲಿ ತಗೊಂಡೆ. ಓದ್ದೋಳಲ್ಲ ನಾನು, ಗೊತ್ತಾಗ್ಲಿಲ್ಲ."

ಸಿಸ್ಟರು ಅವರನ್ನು ಇನ್ನೂ ಬೈದರು. ಅವರು ಬೈಸಿಕೊಂಡರು. ನಾನು ಎದ್ದು ಹೋಗಿ, ಕೊಟ್ಟವಳು ನಾನು ಎನ್ನಬಹುದಿತ್ತು. ಬಾಗಿಲು ಅಷ್ಟು ಹತ್ತಿರವಿತ್ತು... ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ ದಿನವೇ ಅಕ್ಕನಿಗೆ ಅದರ ಕಣ್ಣು ಕಂಡಿತ್ತೋ ಏನೋ. ಹೊಲಿಗೆಯವರಲ್ಲವೇ. ಆದರೆ ಬಾಡಿಗೆಗಿರುವವರು, ಮನೆಯ ಸೊಸೆ ತಾನಾಗಿ ತಂದುಕೊಟ್ಟದ್ದನ್ನು ಬೇಡವೆಂದು ಹೇಗೆ ಹೇಳುತ್ತಾರೆ?

ಸ್ವಲ್ಪ ಕಾಲದ ಮೇಲೆ ಅವರು ಮನೆ ಬಿಟ್ಟು ಶ್ರೀನಿವಾಸಪುರಕ್ಕೆ ಹೋದರು. ಹೋಗುವಾಗ ನನ್ನ ಮಗಳ ಕೆನ್ನೆ ಹಿಡಿದು ಮುದ್ದಿಸಿದರು. ನನ್ನೊಂದಿಗೂ ನಗುನಗುತ್ತಲೇ ಮಾತಾಡಿದರು. ಒಂದು ಸಲ ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆಮೇಲೆ ಅವರ ಮಗಳಿಗೆ ಎರಡು ಮಕ್ಕಳಾದವು, ಫೋನು ಬಂದ ಕಾಲಕ್ಕೆ ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದಳು. ಅಕ್ಕನೊಂದಿಗೆ ಆ ವಿಷಯ ಎತ್ತಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಮಳೆ ಬೆಳೆ ವಿಚಾರಿಸಿ ಫೋನಿಡುತ್ತಿದ್ದೆ.

ಈಗ ನಮ್ಮ ಹುಳು ತೋಟದಲ್ಲಿ ಬೇರೆ ಮನೆಯಲ್ಲಿದೆ. ಒಂದು ಶೀಟಿನ ಚಾವಣಿ, ನಾಲ್ಕು ಗೋಡೆ. ಬೇಕೆಂದಿದ್ದರೆ ಆಗಲೂ ಒಂದು ಚಪ್ಪರ ಹಾಕಿ ತಟ್ಟೆಗಳನ್ನು ಅತ್ತ ಸಾಗಿಸಬಹುದಿತ್ತು. ಹುಳುವನ್ನು ಕದಲಿಸುವ ಯೋಚನೆ ನಮಗೆ ಯಾರಿಗೂ ಬರಲಿಲ್ಲ. ಪರದೆ ಇಳಿಸುವ ಯೋಚನೆ ಎಲ್ಲರಿಗೂ ಬಂತು. ಈಗ ಬಂದಿರುವ ಪರದೆಗೆ ನೂಲಲ್ಲೇ ಔಷಧಿ ಇರುತ್ತದಂತೆ, ಮತ್ತೆಮತ್ತೆ ಅದ್ದಬೇಕಿಲ್ಲವಂತೆ, ಹುಷಾರಾಗಿ ಒಗೆದರೆ ವರ್ಷಗಟ್ಟಲೆ ಬಾಳುತ್ತದಂತೆ. ಕಣ್ಣು ಎಷ್ಟು ಸಣ್ಣದೆಂದು ಬಿಚ್ಚಿದ ಕೂಡಲೇ ಬೆಳಕಿಗೆ ಹಿಡಿದು ನೋಡಿದ್ದೆ. ಅಕ್ಕ ಹಿಡಿದಂತೆಯೇ ಹಿಡಿದಿದ್ದೆನೆಂದು ಆಮೇಲೆ ಹೊಳೆಯಿತು.

ಆ ಹುಡುಗಿ ಫೋನಿನಲ್ಲಿ ಕೊನೆಗೆ ಹೇಳಿದ ಮಾತು ಇದು. "ಆಂಟಿ, ಅಮ್ಮ ನಿಮ್ಮನ್ನ ಮರೀಲೇ ಇಲ್ಲ. ನನ್ನ ಮಕ್ಕಳಿಗೆಲ್ಲ ಹೇಳ್ತಿದ್ರು, ನಿಮ್ಮಮ್ಮ ಬಸುರಿ ಆಗಿದ್ದಾಗ ಪಾಪ ತಾವಾಗೇ ಬಂದು ಪರದೆ ಕೊಟ್ಟೋರು ಅವ್ರು ಅಂತ."

ಅದು ಸೊಳ್ಳೆ ತಡೆಯದ ನೊಣದ ಬಲೆಯೆಂದು ತಾಯಿ ಮಗಳಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ನನ್ನ ಹೆಸರು ಒಳ್ಳೆಯವಳೆಂದೇ ನಡೆದಿದೆ. ತಾಯಿಯ ಹೆಣ ಮನೆಯಲ್ಲಿಟ್ಟುಕೊಂಡವಳಿಗೆ ಅಂದು ಆ ನಿಜ ಹೇಳುವುದು ಯಾರ ಸಮಾಧಾನಕ್ಕೆ? "ನಾಳೆ ಬೆಳಗ್ಗೆ ಬರ್ತೀನಮ್ಮ," ಎಂದಷ್ಟೇ ಹೇಳಿದೆ.

"ಯಾರಮ್ಮ ಫೋನಲ್ಲಿ?" ಎಂದು ಮಗಳು ಒಳಗಿನಿಂದ ಕೇಳಿದಳು.

"ನಿನ್ನನ್ನ ಎತ್ತಿ ಆಡಿಸ್ದೋರು ತೀರ್ಕೊಂಡ್ರು," ಎಂದೆ.

ಅಷ್ಟರಲ್ಲಿ ಸೀಬೆಮರದ ನೆರಳು ಸರಿದು ಪರದೆಯ ಒಂದು ಮೂಲೆಯ ಮೇಲೆ ಬಿಸಿಲು ಬಿದ್ದಿತ್ತು. ನಾನು ಗೂಟದಿಂದ ಹಗ್ಗ ಬಿಚ್ಚಿ ಬಚ್ಚಲಮನೆಯ ಗೋಡೆಯ ಪಕ್ಕಕ್ಕೆ ಕಟ್ಟಿ, ನೆಲಕ್ಕೆ ತಾಗದಂತೆ ಪರದೆಯ ಅಂಚನ್ನು ಎತ್ತಿ, ಇನ್ನೂ ಸಿಕ್ಕಿಸದೆ ಬಿಟ್ಟಿದ್ದ ಎರಡು ಮೂಲೆಗಳನ್ನು ಸಿಕ್ಕಿಸತೊಡಗಿದೆ.