ಮೂವತ್ತೇಳನೇ ಎಡಗಾಲು

ನನ್ನ ಹೆಂಡತಿಗೆ ಸಂಬಳ ಬರುವುದು ಊರವರ ಕಾಲಿಗೆ ಕಿವಿಗೊಟ್ಟಿದ್ದಕ್ಕೆ. ನಗಬೇಡಿ, ನಿಜ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ರಕ್ತನಾಳ ವಿಭಾಗದ ಕೊನೆಯ ಕೋಣೆಯಲ್ಲಿ ಅವಳಿಗೊಂದು ತಿರುಗುವ ಸ್ಟೂಲು, ಒಂದು ಬಾಟಲಿ ತಣ್ಣನೆಯ ಜೆಲ್ಲಿ, ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ ಇವೆ. ಪಾದದ ಮೇಲೆ ಜೆಲ್ಲಿ ಸವರಿ ಕಡ್ಡಿಯ ತುದಿ ಇಟ್ಟರೆ ಒಳಗೆ ಹರಿಯುವ ರಕ್ತದ ಸದ್ದು ಪುಟ್ಟ ಸ್ಪೀಕರಿನಲ್ಲಿ ಕೇಳುತ್ತದೆ. ಒಳ್ಳೆಯ ರಕ್ತನಾಳ ಮೂರು ಮಾತಾಡುತ್ತದಂತೆ: ಧುಸ್, ಪುಸ್, ಟುಸ್. ಕಟ್ಟಿಕೊಂಡ ನಾಳ ಒಂದೇ ಮಾತಾಡುತ್ತದಂತೆ: ಹೂಂ.

"ಥೇಟ್ ನಿಮ್ಮ ಥರ ಕಣ್ರೀ," ಎನ್ನುತ್ತಾಳೆ. "ಏನ್ ಕೇಳಿದ್ರೂ ಹೂಂ."

ಆಸ್ಪತ್ರೆಯಲ್ಲಿ ಅವಳಿಗೆ ಕಿವಿಯಮ್ಮ ಎಂದೇ ಹೆಸರು. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ದಿನವಿಡೀ ತಂತಿಯೊಳಗಿನ ಗೊರಗೊರ ಕೇಳಿ ಕೇಳಿ ಕಿವಿ ಹದಗೊಂಡಿತ್ತು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಆಸ್ಪತ್ರೆಗೆ ಬಂದು, ತರಬೇತಿ ಮುಗಿಸಿ, ಆ ಕಡ್ಡಿ ಹಿಡಿದವಳು ಇವತ್ತಿನವರೆಗೂ ಬಿಟ್ಟಿಲ್ಲ. ಬಸ್ಸಿನಲ್ಲಿ ಕೂತರೂ ಇವಳ ಕಣ್ಣು ಜನರ ಮುಖದ ಮೇಲಿರುವುದಿಲ್ಲ, ಮೊಣಕಾಲಿನ ಕೆಳಗೇ ಇರುತ್ತದೆ. ರಕ್ತ ಸರಿಯಾಗಿ ಹರಿಯದ ಕಾಲಿನ ಕೂದಲು ಉದುರುತ್ತದಂತೆ. ಒಮ್ಮೆ ಅಂಥ ಬೋಳು ಕಾಲಿನ ಹಿರಿಯರೊಬ್ಬರ ಹಿಂದೆ ಎರಡು ಸ್ಟಾಪು ಮೊದಲೇ ಇಳಿದು ಓಡಿದಳು. ಅವರು ಸರಗಳ್ಳಿ ಎಂದುಕೊಂಡು ಚೀಲ ಎದೆಗವಚಿಕೊಂಡು ತಾವೂ ಓಡಿದರು. ನಾಲ್ಕು ಹೆಜ್ಜೆಗೇ ಕಾಲು ಹಿಡಿದು ನಿಂತರು. "ನೋಡಿದ್ರಾ, ಅದಕ್ಕೇ ನಿಲ್ಲಿ ಅಂದಿದ್ದು!" ಎಂದಳಂತೆ ಏದುಸಿರು ಬಿಡುತ್ತ. ಮರುವಾರ ಅವರೇ ಆಸ್ಪತ್ರೆಗೆ ಬಂದು ಕಾಲು ಉಳಿಸಿಕೊಂಡು ಹೋದರು. ಈಗಲೂ ಎದುರಾದರೆ ಚೀಲ ಗಟ್ಟಿಯಾಗಿ ಹಿಡಿದುಕೊಂಡೇ ನಮಸ್ಕಾರ ಮಾಡುತ್ತಾರೆ.

ಇಂಥವಳ ಗಂಡ ನಾನು, ಅಂಚೆಯವನು. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ. ನನ್ನ ಕಾಲಿನ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ? ಆದರೆ ಒಂಬತ್ತು ತಿಂಗಳಿಂದ ಏರುದಾರಿ ಹತ್ತುವಾಗ ಎಡ ಮೀನಖಂಡ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಎರಡು ನಿಮಿಷ ನಿಂತರೆ ಮಾಯ. ಮತ್ತೆ ನಡೆದರೆ ಮತ್ತೆ ಹಾಜರು. ನಿಂತಾಗ ಯಾರಾದರೂ ನೋಡಿದರೆ ಕಾಗದದ ವಿಳಾಸ ಓದುವವನಂತೆ ನಟಿಸುತ್ತಿದ್ದೆ. ಒಂದೇ ಲಕೋಟೆಯನ್ನು ಐದು ಕಡೆ ಓದಿದ್ದೇನೆ. ಅಂಚೆ ಕಚೇರಿಯಲ್ಲಿ ತಿಳಿದರೆ ನಡಿಗೆ ತಪ್ಪಿಸಿ, ಒಳಗೆ ಕೂರಿಸಿ ಮುದ್ರೆ ಒತ್ತಲು ಹಾಕುತ್ತಾರೆ. ಇಡೀ ದಿನ ಕೂತಲ್ಲೇ ದಬ್ ದಬ್ ಎನ್ನಿಸುವುದೆಂದರೆ ನನಗೆ ಸಾವು. ಮನೆಯಲ್ಲಿ ಹೇಳಿದರೆ ಇವಳೇ ಕಚೇರಿಗೆ ಹೋಗಿ ಹೇಳುತ್ತಾಳೆ. ಹೀಗಾಗಿ ಬಾಯಿಗೆ ಬೀಗ ಹಾಕಿಕೊಂಡೆ.

ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ಯಂತ್ರ ಬಂತು. ತೋಳಿಗೂ ಕಾಲಿಗೂ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಸಾಕು, ಅದು ತಾನೇ ಉಬ್ಬಿ, ತಾನೇ ಇಳಿದು, ರಕ್ತದೊತ್ತಡ ಹೋಲಿಸಿ, ಸರಿ ಇದೆ, ಸರಿ ಇಲ್ಲ ಎಂದು ಚೀಟಿ ಉಗುಳುತ್ತದೆ. ಕಿವಿ ಬೇಡ, ಕಿವಿಯಮ್ಮನೂ ಬೇಡ. ವಿಭಾಗದ ದೊಡ್ಡ ಡಾಕ್ಟರಮ್ಮ ನ್ಯಾಯವಂತೆ. ಸುಮ್ಮನೆ ಯಂತ್ರ ತಂದು ಕೂರಿಸದೆ, ಸಂಶೋಧನೆ ಮಾಡಿ ನೋಡೋಣ ಎಂದರು. ಅರುವತ್ತು ಜನ. ಮೂವತ್ತು ಜನ ಸ್ಕ್ಯಾನಿನಲ್ಲಿ ಕಾಯಿಲೆ ಖಚಿತವಾದವರು, ಮೂವತ್ತು ಜನ ನೋವಿಲ್ಲವೆಂದು ಬರೆದುಕೊಟ್ಟ ಆರೋಗ್ಯವಂತರು. ಯಾರು ಯಾವ ಗುಂಪು ಎಂದು ಇವಳಿಗೆ ತಿಳಿಯಬಾರದು. ಅದಕ್ಕೆಂದು ಒಂದು ಹಸಿರು ಪರದೆ. ಆಚೆ ಮನುಷ್ಯ ಮಲಗಿರುತ್ತಾನೆ, ಈಚೆ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ ಚಾಚಿರುತ್ತದೆ. ಮಲಗಿದವರು ತುಟಿ ಬಿಚ್ಚುವಂತಿಲ್ಲ. ಇವಳು ಕೇಳಿ ಹೇಳಿದ್ದನ್ನು ಫೈಲಯ್ಯ ಬರೆದುಕೊಳ್ಳುತ್ತಾನೆ. ಫೈಲಯ್ಯ ಎಂದರೆ ಆ ವಿಭಾಗದ ಗುಮಾಸ್ತ, ನಿದ್ದೆಯಲ್ಲೂ ಕಂಕುಳಲ್ಲಿ ಫೈಲು ಇಟ್ಟುಕೊಳ್ಳುವ ಪ್ರಾಣಿ. ಕೊನೆಗೆ ಯಂತ್ರವೂ ಕಿವಿಯೂ ಸಮಸಮ ಬಂದರೆ ಯಂತ್ರವೇ ಉಳಿಯುವುದು, ಇವಳು ನೆಲಮಾಳಿಗೆಯ ಹಳೇ ದಾಖಲೆ ಕೋಣೆಗೆ. ಅದು ಎಲ್ಲರಿಗೂ ಗೊತ್ತಿತ್ತು, ಇವಳಿಗೂ.

ಕಾಯಿಲೆಯವರು ಬೇಕಾದಷ್ಟು ಸಿಕ್ಕರು. ಆರೋಗ್ಯವಂತರು ಸಿಗಲಿಲ್ಲ! ಆಸ್ಪತ್ರೆಯ ಟಪಾಲು ಕೊಡಲು ಹೋದ ನನ್ನನ್ನು ಫೈಲಯ್ಯ ಮೆಟ್ಟಿಲ ಮೇಲೇ ಹಿಡಿದ.

"ಅಣ್ಣಾ, ಇನ್ನಿಬ್ರು ಬೇಕು. ನಿಮ್ಮಂಥ ಕಾಲು ಊರಲ್ಲೇ ಇಲ್ಲ. ಬಿಸ್ಕತ್ತು, ಜ್ಯೂಸು ಕೊಡ್ತೀವಿ. ಮನೇಲಿ ಮಾತ್ರ ಉಸಿರೆತ್ತಬೇಡಿ."

ಹೊಗಳಿಕೆಗೆ ಉಬ್ಬದ ಅಂಚೆಯವನು ಇನ್ನೂ ಹುಟ್ಟಿಲ್ಲ. ಅದಲ್ಲದೆ ಒಳಗೊಳಗೇ ಒಂದು ಆಸೆ. ಇವಳು ಕೇಳಿ ಸರಿ ಇದೆ ಎಂದುಬಿಟ್ಟರೆ ನೋವು ಬೂಟಿನದ್ದು ಎಂದುಕೊಂಡು ನೆಮ್ಮದಿಯಾಗಿ ಇರಬಹುದಲ್ಲ! ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಡೆಯುವಾಗ ಕಾಲು ನೋಯುತ್ತದೆಯೇ? ದುಂಡಗಿನ ಅಕ್ಷರದಲ್ಲಿ ಇಲ್ಲ ಎಂದು ಬರೆದೆ.

ಮೂವತ್ತೇಳನೇ ನಂಬರು ನನ್ನದು. ಮಲಗಿದೆ. ಪರದೆಯಾಚೆ ಸ್ಟೂಲು ಕಿರ್ ಎಂದಿತು. ಪಾದದ ಮೇಲೆ ತಣ್ಣಗೆ ಜೆಲ್ಲಿ. ನನಗೆ ಕಚಗುಳಿ, ನಗು ಒತ್ತರಿಸಿ ಬರುತ್ತಿದೆ, ಅಂಗಿಯ ಕಾಲರು ಕಚ್ಚಿ ಹಿಡಿದೆ. ಬಲಗಾಲು ಧುಸ್ ಪುಸ್ ಟುಸ್ ಎಂದಿತು. "ಬಲ ಸರಿ," ಎಂದಳು. ಎಡಗಾಲಿಗೆ ಕಡ್ಡಿ ಇಟ್ಟಳು.

ಹೂಂ.

ಮತ್ತೆ ಸರಿಸಿ ಇಟ್ಟಳು. ಹೂಂ. ನನ್ನ ನಗು ಎಲ್ಲಿ ಹೋಯಿತೋ.

"ಎಡ ಕೆಟ್ಟಿದೆ, ಬರ್ಕೊಳ್ಳಿ. ಮೇಲೆಲ್ಲೋ ತೊಡೇಲಿ ಕಟ್ಕೊಂಡಿದೆ. ಪಾಪ, ಈ ಮನುಷ್ಯ ನೂರು ಹೆಜ್ಜೆಗೊಂದ್ಸಲ ನಿಲ್ತಾರೆ. ಮನೇಲಂತೂ ಹೇಳಿರಲ್ಲ. ಎಂಥ ಹೆಂಡ್ತಿನೋ ಏನೋ, ಕಣ್ಣೇ ಕಾಣ್ಸಲ್ವೇನೋ ಆಕೆಗೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಳ್ಳುವ ಹಾಗೂ ಇರಲಿಲ್ಲ, ಅಲ್ಲಾಡಿದರೆ ಫೈಲಯ್ಯ ಗದರುತ್ತಿದ್ದ. ಭಯದ ಜೊತೆಗೆ ಸಿಟ್ಟೂ ಬಂತು ನೋಡಿ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇವೆ, ಗಂಡನ ಕಾಲಿನ ಗುರುತು ಹತ್ತಲಿಲ್ಲವೇ ಇವಳಿಗೆ? ಆಮೇಲೆ ಅದೇ ಕಾಲಿಗೆ ಯಂತ್ರದ ಪಟ್ಟಿ ಸುತ್ತಿದರು. ಅದು ಗುರ್ರೆಂದು ಉಬ್ಬಿ ಚೀಟಿ ಕೊಟ್ಟಿತು: ಸರಿ ಇದೆ. ನಾನು ಯಂತ್ರವನ್ನು ನಂಬಿದೆ! ಎರಡು ಬಿಸ್ಕತ್ತು ತಿಂದು, ಮೂರನೆಯದನ್ನೂ ಕೇಳಿ ತಿಂದು ಬಂದೆ.

ಎರಡು ವಾರದ ಮೇಲೆ ಒಂದು ಸಂಜೆ ಇವಳು ಮನೆಗೆ ಬಂದವಳು ಚಪ್ಪಲಿ ಕಳಚದೆ ಕುರ್ಚಿಯಲ್ಲಿ ಕೂತಳು.

"ಎಣಿಸಿದ್ರು ರೀ. ಅರುವತ್ರಲ್ಲಿ ನಂದು ಒಂದು ತಪ್ಪು. ಯಂತ್ರದ್ದೂ ಒಂದು ತಪ್ಪು. ಸಮ."

"ಯಾವುದು ತಪ್ಪಾಯ್ತು?" ಎಂದೆ.

"ಮೂವತ್ತೇಳು. ಕಲ್ಲಿನ ಹಾಗಿರೋ ಮನುಷ್ಯ ಅಂತೆ, ನೋವೇ ಇಲ್ಲ ಅಂತ ಬರ್ಕೊಟ್ಟಿದಾರಂತೆ. ನಾನು ಕೆಟ್ಟಿದೆ ಅಂದ್ಬಿಟ್ಟೆ." ಆಮೇಲೆ ಚಪ್ಪಲಿ ಕಳಚುತ್ತ, "ನನ್ನ ಕಿವಿಗೂ ವಯಸ್ಸಾಯ್ತು ಅನ್ಸುತ್ತೆ. ನಾಳೆ ಮೀಟಿಂಗು. ನಾನೇ ಹೇಳ್ತೀನಿ, ಇನ್ನು ಬೇರೆಯವರ ಕಾಲು ನನ್ನ ನಂಬ್ಕೊಂಡಿರೋದು ಬೇಡ ಅಂತ," ಎಂದಳು.

ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ, ಅದರ ಸದ್ದಿಗೆ ಎಡಕಿವಿ ಕೊಟ್ಟಳು, ಬಲಕಿವಿ ಕೊಟ್ಟಳು. ಯಾವತ್ತೂ ತನ್ನ ಕಿವಿಯನ್ನು ಅನುಮಾನಿಸದವಳು. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಪಾಡು. ಹೇಳಿದರೆ ನನ್ನ ನಡಿಗೆ ಹೋಯಿತು, ಹೇಳದಿದ್ದರೆ ಇವಳ ಕಿವಿ ಹೋಯಿತು. ಹೇಳಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಆ ಸಂಜೆ ಹೇಳಲಿಲ್ಲ.

ಬೆಳಿಗ್ಗೆ ಟಪಾಲು ಹೊತ್ತು ಹೊರಟವನು ಏರಿನಲ್ಲಿ ನಿಂತೆ, ಮೀನಖಂಡ ಹಿಂಡುತ್ತಿತ್ತು. ಕೈಯಲ್ಲಿನ ಲಕೋಟೆ ಓದುವ ನಾಟಕ ಶುರುಮಾಡಿದೆ. ಥೂ, ನಿನ್ನ ಜನ್ಮಕ್ಕಿಷ್ಟು ಎಂದು ನನಗೇ ಬೈದುಕೊಂಡೆ. ಊರವರ ಕಾಗದ ತಪ್ಪದೆ ಮುಟ್ಟಿಸುವ ನಾನು ನನ್ನ ಹೆಂಡತಿಗೆ ಸೇರಬೇಕಾದ ಮಾತನ್ನು ಒಂಬತ್ತು ತಿಂಗಳಿಂದ ಇಟ್ಟುಕೊಂಡು ಕೂತಿದ್ದೆನಲ್ಲ! ತಿರುಗಿ ಆಸ್ಪತ್ರೆಯ ಕಡೆ ನಡೆದೆ. ದಾರಿಯಲ್ಲಿ ನಾಲ್ಕು ಸಲ ನಿಂತೆ. ಮೂರನೇ ಮಹಡಿಯಲ್ಲಿ ಮೀಟಿಂಗಿನ ಬಾಗಿಲು ತಳ್ಳಿ, ಹೆಗಲ ಚೀಲದ ಸಮೇತ ಒಳನುಗ್ಗಿದೆ.

"ಮೇಡಂ, ಆ ಮೂವತ್ತೇಳನೇ ಕಾಲು ನಂದು. ನೋಯುತ್ತೆ. ಒಂಬತ್ತು ತಿಂಗಳಾಯ್ತು. ಫಾರಂನಲ್ಲಿ ಸುಳ್ಳು ಬರೆದೆ. ಇವಳ ಕಿವಿ ಸರಿಯಾಗೇ ಇದೆ."

ಫೈಲಯ್ಯನ ಫೈಲು ಮೊದಲ ಬಾರಿಗೆ ಕೆಳಗೆ ಬಿತ್ತು. ಇವಳು ನನ್ನ ಮುಖ ನೋಡಲಿಲ್ಲ, ನನ್ನ ಎಡಗಾಲು ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಹೆಂಡ್ತಿ ಪರವಾಗಿ ಗಂಡ ಸಾಕ್ಷಿ ಹೇಳಿದ್ರೆ ಸಂಶೋಧನೆ ಒಪ್ಪಲ್ಲ ಸ್ವಾಮಿ. ಸ್ಕ್ಯಾನ್ ಹೇಳ್ಬೇಕು. ನಿಮಗೊಬ್ರಿಗೇ ಅಲ್ಲ, ಆರೋಗ್ಯವಂತರು ಅಂದ್ಕೊಂಡಿರೋ ಮೂವತ್ತೂ ಜನಕ್ಕೆ ಮಾಡ್ಲೇಬೇಕು." ಫೈಲಯ್ಯ ತಲೆ ಮೇಲೆ ಕೈಹೊತ್ತು ನನ್ನನ್ನು ಸುಟ್ಟುಬಿಡುವಂತೆ ನೋಡಿದ.

ಮಧ್ಯಾಹ್ನವೇ ನನ್ನನ್ನು ಮಲಗಿಸಿದರು. ಬಿಳಿ ಉಂಗುರದಂಥ ಯಂತ್ರದೊಳಗೆ ಹಲಗೆ ಸರಿಯುತ್ತಿದ್ದರೆ ನಾನು ಕಣ್ಣು ಮುಚ್ಚಿ ಬೇಡಿಕೊಂಡೆ: ದೇವರೇ, ನನ್ನ ಕಾಲು ಕೆಟ್ಟಿರಲಿ. ಚೆನ್ನಾಗಿ ಕೆಟ್ಟಿರಲಿ. ಕಡಿಮೆ ಮಾಡಬೇಡ. ಆ ದೇವರಿಗೆ ಇಂಥ ಅರ್ಜಿ ಹಿಂದೆ ಬಂದಿರಲಿಕ್ಕಿಲ್ಲ.

ಡಾಕ್ಟರಮ್ಮ ಚಿತ್ರ ಹಿಡಿದು ಹೊರಗೆ ಬಂದರು. ತೊಡೆಯ ರಕ್ತನಾಳ ಅರ್ಧದಲ್ಲಿ ಕಟ್ಟಿತ್ತು, ಇವಳು ಹೇಳಿದ ಜಾಗದಲ್ಲೇ. ನಾಳದ ಗೋಡೆ ಗಟ್ಟಿಯಾಗಿಬಿಟ್ಟಿದ್ದರಿಂದ ಯಂತ್ರದ ಪಟ್ಟಿ ಅದನ್ನು ಅದುಮಲಾಗದೆ, ಒತ್ತಡ ಚೆನ್ನಾಗಿದೆ ಎಂದು ಮೋಸಹೋಗಿತ್ತು. "ಕಿವಿಯಮ್ಮಾ, ಯಂತ್ರಕ್ಕೆ ಎರಡು ತಪ್ಪು. ಉಳಿದವರದ್ದೂ ಸ್ಕ್ಯಾನ್ ಸರಿ ಬಂದ್ರೆ ನಿಮಗೆ ಅರುವತ್ತಕ್ಕೆ ಅರುವತ್ತು!" ಎಂದರು. ನಾನು ಸ್ಕ್ಯಾನಿಗೆಂದು ತೊಡಿಸಿದ್ದ ಆಸ್ಪತ್ರೆಯ ಅಂಗಿಯಲ್ಲೇ ಎದ್ದು ಕುಣಿದೆ. ಬೆನ್ನ ಹಿಂದೆ ದಾರ ಬಿಚ್ಚಿದ್ದು ಆಮೇಲೆ ಗೊತ್ತಾಯಿತು.

ಇವಳು ಬೆಂಚಿನ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಲೇ, ಗೆದ್ದೆ ಕಣೇ! ಅಳ್ತೀಯಲ್ಲ?"

"ನನ್ನ ಕಿವಿ ಸುಳ್ಳಾಗ್ಲಿ ಅಂತ ಬೇಡ್ಕೊಂಡಿದ್ದೆ ರೀ," ಎಂದಳು. "ಕಿವುಡಿ ಆದ್ರೂ ಪರವಾಗಿಲ್ಲ, ದಾಖಲೆ ಕೋಣೇಲಿ ಧೂಳು ಹೊಡ್ಕೊಂಡು ಬಿದ್ದಿರ್ತೀನಿ, ಅದು ಸುಳ್ಳಾಗ್ಲಿ ಅಂತ."

ಅವಳ ಪಕ್ಕದಲ್ಲಿ ಕೂತೆ.

"ನಡಿಗೆ ಬಿಡಬೇಕಾ ಮೇಡಂ?" ಎಂದೆ ಕೊನೆಗೆ, ಗಲ್ಲಿಗೆ ಹೋಗುವವನಂತೆ.

"ಬಿಡೋದಾ? ನಡೆಯೋದೇ ಔಷಧಿ! ನೋಯೋವರೆಗೂ ನಡೀರಿ, ನಿಲ್ಲಿ, ಮತ್ತೆ ನಡೀರಿ. ಜೊತೆಗೆ ಮಾತ್ರೆ. ಸಿಗರೇಟು ಎಷ್ಟು ಸೇದ್ತೀರಿ?"

"ದಿನಕ್ಕೆ ಮೂರು."

"ಏಳು," ಎಂದಳು ಇವಳು, ಕಣ್ಣೊರೆಸಿಕೊಳ್ಳುತ್ತ. ಆವತ್ತಿನಿಂದ ಸೊನ್ನೆ.

ಅಯ್ಯೋ, ಯಾವುದನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಒಂಬತ್ತು ತಿಂಗಳು ನರಳಿದೆನೋ, ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟರು! ಉಳಿದವರ ಸ್ಕ್ಯಾನ್ ಎಲ್ಲ ಸರಿ ಬಂತು. ಇವಳ ಸ್ಟೂಲು ಅಲ್ಲೇ ಉಳಿಯಿತು. ಯಂತ್ರವೂ ಇದೆ, ಅದಕ್ಕೆ ಅನುಮಾನ ಬಂದ ಕಾಲೂ ಬಾರದ ಕಾಲೂ ಇವಳ ಕಿವಿ ದಾಟಿಯೇ ಹೋಗಬೇಕು. ಫೈಲಯ್ಯ ಮಾತ್ರ ನನಗೆ ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿದ್ದಾನೆ.

ಅವಳ ರಜೆಯ ದಿನ ನನ್ನ ಜೊತೆ ಏರು ಹತ್ತಲು ಬರುತ್ತಾಳೆ. ಮೊದಲ ವಾರ ಅಭ್ಯಾಸಬಲದಿಂದ ನಿಂತು ಲಕೋಟೆ ತೆಗೆದೆ. ಇವಳು ಏನೂ ಹೇಳದೆ ಅದನ್ನು ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿ ಕಾದಳು. ದಾರಿಯಲ್ಲಿ ಹಾಲಿನವರು, ಶಾಲೆಯ ಮೇಷ್ಟ್ರು, ಕಿಟಕಿಗಳಲ್ಲಿ ನಾನು ಕಾಗದ ಕೊಡುವ ಅಷ್ಟೂ ಮನೆಯವರು.

"ನೋಯ್ತಿದೆ ಕಣೇ!" ಎಂದೆ, ಬೀದಿಗೆಲ್ಲ ಕೇಳುವ ಹಾಗೆ.

ಇವಳ ಮುಖ ಇಷ್ಟಗಲ ಆಯಿತು. ಇಪ್ಪತ್ತಾರು ವರ್ಷದಲ್ಲಿ ನಾನಾಡಿದ ಯಾವ ಮಾತಿಗೂ ಅವಳು ಅಷ್ಟು ಖುಷಿಪಟ್ಟಿದ್ದನ್ನು ನಾನು ನೋಡಿರಲಿಲ್ಲ.